ವಕೀಲರಿಲ್ಲದೆ ಸರ್ಕಾರದ ಮೇಲೆ ದಾವೆ: ಶುರುವಿನಲ್ಲೇ ತಿರಸ್ಕಾರವಾಗದಂತೆ ವಾದಪತ್ರ ಬರೆಯುವ ಬಗೆ

ಸರ್ಕಾರಿ ಕಚೇರಿಯಿಂದ ಅನ್ಯಾಯ ಆಗಿದೆ. ಅಲೆದು ಅಲೆದು ಸಾಕಾಗಿದೆ. ವಕೀಲರ ಫೀಸು ಕೊಡುವ ಶಕ್ತಿ ಇಲ್ಲ, ಅಥವಾ ಕೇಳಿದ ವಕೀಲರು ಕೇಸು ಹಿಡಿಯಲಿಲ್ಲ. ಕೊನೆಗೆ ನೀವೇ ಕೂತು ಪುಟಗಟ್ಟಲೆ ಬರೆದು ಕೋರ್ಟಿಗೆ ಹಾಕುತ್ತೀರಿ. ಒಬ್ಬ ಸಾಕ್ಷಿಯ ವಿಚಾರಣೆಯೂ ಆಗುವ ಮೊದಲೇ ಅದು ತಿರಸ್ಕಾರವಾಗುತ್ತದೆ. ಆದೇಶದಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಮಾತು: ವಾದಪತ್ರದಲ್ಲಿ ವ್ಯಾಜ್ಯ ಕಾರಣ ಕಾಣುತ್ತಿಲ್ಲ. ವಾದಪತ್ರ ಅಂದರೆ ದಾವೆ ಹಾಕಲು ಕೋರ್ಟಿಗೆ ಕೊಡುವ ಬರಹ, ವ್ಯಾಜ್ಯ ಕಾರಣ ಅಂದರೆ ದಾವೆ ಹೂಡುವ ಹಕ್ಕು ಕೊಡುವ ಸಂಗತಿಗಳು.

ನಿಮಗೆ ಅನ್ಯಾಯ ಆಗಿಲ್ಲ ಅಂತ ನ್ಯಾಯಾಧೀಶರು ಅಲ್ಲಿ ಎಲ್ಲೂ ಹೇಳಿರುವುದಿಲ್ಲ. ಯಾರು, ಯಾವತ್ತು, ಏನು ಮಾಡಿದರು, ಅದರಿಂದ ನಿಮ್ಮ ಯಾವ ಹಕ್ಕು ಹೋಯಿತು, ಈಗ ಕೋರ್ಟು ಏನು ಆದೇಶ ಮಾಡಬೇಕು, ಈ ಐದು ಪ್ರಶ್ನೆಗೆ ಕಾಗದದಲ್ಲಿ ಉತ್ತರ ಸಿಗಲಿಲ್ಲ ಅಷ್ಟೇ. ನಿಜವಾದ ನೋವು ಇರುವ ಎಷ್ಟೋ ಕೇಸು ಹೀಗೆ ಬಿದ್ದುಹೋಗುವುದು ನನಗೆ ತುಂಬಾ ಬೇಸರದ ವಿಷಯ. ಯಾಕೆಂದರೆ ಇದು ತಡೆಯಬಹುದಾದ ನಷ್ಟ. ಇಲ್ಲಿ ಹೇಳುತ್ತಿರುವುದು ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆ, 1908ರ ಪ್ರಕಾರ. ಉದಾಹರಣೆಗಳು ಕರ್ನಾಟಕದ್ದು.

ಮೊದಲ ಹೆಜ್ಜೆ: ಸರಿಯಾದ ಬಾಗಿಲು ಯಾವುದು ನೋಡಿ

ಎಲ್ಲ ದೂರಿಗೂ ಸಿವಿಲ್ ದಾವೆ ಮದ್ದಲ್ಲ. ತುಂಬಾ ಕೇಸು ಬೀಳುವುದು ಬರವಣಿಗೆ ಕೆಟ್ಟದ್ದಾಗಿ ಅಲ್ಲ, ಬೇರೆ ಕಾಯ್ದೆ ಅಡ್ಡ ಬಂದು.

ಪಹಣಿಯಲ್ಲಿ ಹೆಸರು ತಪ್ಪಾಗಿದೆ ಅಂದುಕೊಳ್ಳಿ. ತಿದ್ದಿಕೊಡಿ ಅಂತ ಸರ್ಕಾರದ ಮೇಲೆ ನೇರವಾಗಿ ದಾವೆ ಹಾಕಿದರೆ ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ ಕಲಂ 135 ಅಡ್ಡ ಬರುತ್ತದೆ. ಆ ದಾರಿ ಕಲಂ 136ರಂತೆ ಉಪವಿಭಾಗಾಧಿಕಾರಿಯ ಮುಂದೆ ಮೇಲ್ಮನವಿ. ಜಮೀನಿನ ಹಕ್ಕೇ ವಿವಾದದಲ್ಲಿದ್ದರೆ ಮಾತ್ರ ಹಕ್ಕು ಘೋಷಣೆಗೆ ಸಿವಿಲ್ ಕೋರ್ಟು. ಅಲ್ಲಿ ಗೆದ್ದ ಮೇಲೆ ಪಹಣಿ ಅದರಂತೆ ಬದಲಾಗುತ್ತದೆ.

ಸರ್ಕಾರಿ ನೌಕರರ ಬಡ್ತಿ, ಅಮಾನತು, ಪಿಂಚಣಿ ವಿಷಯ ಆಡಳಿತ ನ್ಯಾಯಮಂಡಳಿಗೆ ಹೋಗಬೇಕು. ಪ್ರಮಾಣಪತ್ರ ಕೊಡಲು ಸತಾಯಿಸುತ್ತಿದ್ದರೆ, ಆ ಸೇವೆ ಸಕಾಲದ (ನಿಗದಿತ ಸಮಯದಲ್ಲಿ ಸೇವೆ ಕೊಡುವ ರಾಜ್ಯದ ವ್ಯವಸ್ಥೆ) ಪಟ್ಟಿಯಲ್ಲಿ ಇದೆಯಾ ನೋಡಿ. ಇದ್ದರೆ ಮೇಲ್ಮನವಿ ಅಲ್ಲೇ ಇದೆ, ಖರ್ಚೂ ಕಡಿಮೆ. ಲಂಚದ ದೂರಾದರೆ ಲೋಕಾಯುಕ್ತ. ಅಧಿಕಾರಿಯ ಆದೇಶ ಕಾನೂನಿಗೆ ವಿರುದ್ಧವಾಗಿದೆ, ಅಥವಾ ಕಾನೂನು ಹೇಳಿದ ಕೆಲಸವನ್ನೇ ಅವರು ಮಾಡುತ್ತಿಲ್ಲ, ವಾಸ್ತವದ ಬಗ್ಗೆ ಜಾಸ್ತಿ ಜಗಳ ಇಲ್ಲ ಅಂತಾದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಕಡೆ ಪೀಠಗಳಿವೆ. ಆದರೆ ಮಾಡದ ಕೆಲಸ ಮಾಡಿಸಿ ಅಂತ ಕೇಳುವುದಾದರೆ ಅಲ್ಲೂ ಮೊದಲು ಅಧಿಕಾರಿಗೆ ಲಿಖಿತ ಮನವಿ ಕೊಟ್ಟಿರಬೇಕು, ಅವರು ನಿರಾಕರಿಸಿರಬೇಕು ಅಥವಾ ಸುಮ್ನೆ ಕೂತಿರಬೇಕು.

ಸಾಕ್ಷಿ ಹಾಕಿ ಸಾಬೀತು ಮಾಡಬೇಕಾದ ವಿಷಯ, ಆಸ್ತಿಯ ಹಕ್ಕು, ನಷ್ಟಕ್ಕೆ ಹಣ, ತಡೆಯಾಜ್ಞೆ, ಇವು ಸಿವಿಲ್ ಕೋರ್ಟಿನ ಕೆಲಸ. ನಿಮ್ಮದು ಇದಾಗಿದ್ದರೆ ಮುಂದೆ ಓದಿ.

ಇನ್ನೊಂದು ಮಾತು. ವಕೀಲರು ಬೇಡವೇ ಬೇಡ ಅಂತ ತೀರ್ಮಾನಿಸುವ ಮುಂಚೆ ಕೋರ್ಟ್ ಆವರಣದಲ್ಲೇ ಇರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಮೊದಲಾದವರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಉಚಿತ ವಕೀಲರು ಸಿಗುತ್ತಾರೆ. ಬೇರೆಯವರಿಗೆ ಆದಾಯ ಮಿತಿ ಇದೆ. ಸಹಾಯವಾಣಿ 15100. ವಾದಪತ್ರವನ್ನಾದರೂ ಅವರಿಂದ ಒಮ್ಮೆ ಓದಿಸಿಕೊಳ್ಳಿ.

ಎರಡನೇ ಹೆಜ್ಜೆ: ಕಾಗದ ಒಟ್ಟುಮಾಡಿ, ದಿನಾಂಕದ ಪಟ್ಟಿ ಬರೆಯಿರಿ

ವಾದಪತ್ರಕ್ಕೆ ಕೈ ಹಾಕುವ ಮೊದಲು ಒಂದು ಖಾಲಿ ಹಾಳೆಯಲ್ಲಿ ಮೂರು ಕಂಬ ಎಳೆಯಿರಿ: ದಿನಾಂಕ, ಏನಾಯಿತು, ಯಾವ ಕಾಗದ ಇದೆ. ಹಳೆಯದರಿಂದ ಹೊಸದಕ್ಕೆ ಬನ್ನಿ. ಮೂರನೇ ಕಂಬ ಖಾಲಿ ಇರುವ ಜಾಗವೇ ನಿಮ್ಮ ಕೇಸಿನ ದುರ್ಬಲ ಜಾಗ.

ಆ ಜಾಗ ತುಂಬಲು ಮಾಹಿತಿ ಹಕ್ಕು ಕಾಯ್ದೆ, 2005 ಇದೆ. 30 ದಿನದೊಳಗೆ ಉತ್ತರ ಬರಬೇಕು. "ನನ್ನ ವಿಷಯದಲ್ಲಿ ಏನು ಮಾಡಿದ್ದೀರಿ" ಅಂತ ಕೇಳಬೇಡಿ. ಕಡತದ ಟಿಪ್ಪಣಿ ಹಾಳೆ, ಆದೇಶದ ನಕಲು, ಅಳತೆ ಪುಸ್ತಕದ ಪುಟ, ಹೀಗೆ ದಾಖಲೆಯನ್ನೇ ಹೆಸರಿಸಿ ದೃಢೀಕೃತ ನಕಲು ಕೇಳಿ. ಮನವಿ ಕೊಟ್ಟಾಗ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಲ್ಲಿ "ಆಗಲ್ಲ" ಅಂದರೆ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೊಡಿ ಅಂತ ಕೇಳಿ. ಕೋರ್ಟಿನಲ್ಲಿ ಒಂದು ಹಿಂಬರಹಕ್ಕೆ ಇರುವ ಬೆಲೆ ಹತ್ತು ಸಲ ಅಲೆದ ಕಥೆಗೆ ಇಲ್ಲ.

ಈ ಪಟ್ಟಿಯಿಂದಲೇ ಕಾಲಮಿತಿ ಲೆಕ್ಕ ಹಾಕಿ. ಹಕ್ಕು ಘೋಷಣೆಯ ದಾವೆಗೆ, ದಾವೆ ಹೂಡುವ ಹಕ್ಕು ಮೊದಲು ಹುಟ್ಟಿದ ದಿನದಿಂದ 3 ವರ್ಷ. ಜನಕ್ಕೆ ಅಷ್ಟಾಗಿ ಗೊತ್ತಿಲ್ಲದ ಅಪಾಯ ಬೇರೆ ಇದೆ. ಯಾವುದೋ ಕಾಯ್ದೆಯಂತೆ ಮಾಡಿದ್ದೇವೆ ಎಂದು ಸರ್ಕಾರ ಹೇಳುವ ಕೆಲಸದಿಂದ ಆದ ನಷ್ಟಕ್ಕೆ ಪರಿಹಾರ ಕೇಳುವುದಾದರೆ, 1963ರ ಕಾಲಮಿತಿ ಕಾಯ್ದೆಯ 72ನೇ ಅನುಚ್ಛೇದ ಕೊಡುವುದು ಬರೀ 1 ವರ್ಷ. ಎಲ್ಲದಕ್ಕೂ ಮೂರು ವರ್ಷ ಇದೆ ಅಂದುಕೊಂಡು ಕೂರಬೇಡಿ. ಮನವಿಯ ಮೇಲೆ ಮನವಿ ಕೊಡುತ್ತಾ ಹೋದರೂ ಈ ಗಡಿಯಾರ ನಿಲ್ಲುವುದಿಲ್ಲ.

ಮೂರನೇ ಹೆಜ್ಜೆ: ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 80ರ ನೋಟಿಸು

ಸರ್ಕಾರದ ಮೇಲೆ, ಅಥವಾ ಅಧಿಕಾರಿ ತನ್ನ ಹುದ್ದೆಯಲ್ಲಿ ಮಾಡಿದ ಕೆಲಸದ ಬಗ್ಗೆ, ದಾವೆ ಹಾಕುವ ಎರಡು ತಿಂಗಳು ಮುಂಚೆ ಲಿಖಿತ ನೋಟಿಸು ಕೊಡಲೇಬೇಕು. ಎರಡು ತಿಂಗಳು ತುಂಬುವ ಮೊದಲೇ ಹಾಕಿದ ದಾವೆ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟು 1984ರಲ್ಲಿ ಬಿಹಾರಿ ಚೌಧರಿ ಪ್ರಕರಣದಲ್ಲಿ ಖಚಿತವಾಗಿ ಹೇಳಿದೆ.

ರಾಜ್ಯ ಸರ್ಕಾರಕ್ಕಾದರೆ ಸರ್ಕಾರದ ಕಾರ್ಯದರ್ಶಿಗೆ ಅಥವಾ ಜಿಲ್ಲಾಧಿಕಾರಿಗೆ ತಲುಪಿಸಿ. ಕೇಂದ್ರ ಸರ್ಕಾರಕ್ಕಾದರೆ ಕಾರ್ಯದರ್ಶಿಗೆ, ರೈಲ್ವೆಯಾದರೆ ಆ ರೈಲ್ವೆಯ ಜನರಲ್ ಮ್ಯಾನೇಜರ್‌ಗೆ. ಅಧಿಕಾರಿಯೂ ಪ್ರತಿವಾದಿ ಆಗುವುದಾದರೆ ಅವರಿಗೂ ಬೇರೆ ಪ್ರತಿ. ನೋಟಿಸಿನಲ್ಲಿ ನಿಮ್ಮ ಹೆಸರು, ವಿವರ, ವಿಳಾಸ, ವ್ಯಾಜ್ಯ ಕಾರಣ, ಕೇಳುವ ಪರಿಹಾರ ಇರಬೇಕು. ಖುದ್ದು ಕೊಟ್ಟು ಮೊಹರು ಹಾಕಿಸಿ, ಇಲ್ಲವೇ ತಲುಪಿದ್ದಕ್ಕೆ ದಾಖಲೆ ಸಿಗುವ ಅಂಚೆಯಲ್ಲಿ ಕಳಿಸಿ. ನಗರಪಾಲಿಕೆ, ಪ್ರಾಧಿಕಾರಗಳಂಥ ಸಂಸ್ಥೆಗಳಿಗೆ ಅವುಗಳದೇ ಕಾಯ್ದೆಯಲ್ಲಿ ಪ್ರತ್ಯೇಕ ನೋಟಿಸಿನ ನಿಯಮ ಇರುತ್ತದೆ, ಅದನ್ನೂ ತೆಗೆದು ನೋಡಿ.

ನೋಟಿಸಿನ ಎರಡು ತಿಂಗಳನ್ನು ಕಾಲಮಿತಿ ಎಣಿಸುವಾಗ ಬಿಡಲಾಗುತ್ತದೆ, ಹಾಗಾಗಿ ಆ ಭಯ ಬೇಡ. ನಾಳೆಯೇ ಮನೆ ಒಡೆಯುತ್ತಾರೆ ಅನ್ನುವಷ್ಟು ತುರ್ತಿದ್ದರೆ ಕಲಂ 80ರ 2ನೇ ಉಪಕಲಂ ಇದೆ. ಕೋರ್ಟಿನ ಅನುಮತಿ ಕೇಳಿ ನೋಟಿಸಿಲ್ಲದೆ ದಾವೆ ಹಾಕಬಹುದು. ತುರ್ತು ಇಲ್ಲ ಅಂತ ಕಂಡರೆ ಕೋರ್ಟು ವಾದಪತ್ರ ವಾಪಸ್ ಕೊಡುತ್ತದೆ, ನೋಟಿಸು ಕೊಟ್ಟು ಬನ್ನಿ ಅನ್ನುತ್ತದೆ. ನೋಟಿಸಿನಲ್ಲಿ ಸಣ್ಣಪುಟ್ಟ ತಪ್ಪಿದ್ದರೆ ಅದೊಂದೇ ಕಾರಣಕ್ಕೆ ದಾವೆ ವಜಾ ಆಗದು. ನೀವು ಯಾರು, ನಿಮ್ಮ ದೂರೇನು, ಏನು ಕೇಳುತ್ತಿದ್ದೀರಿ ಅನ್ನುವುದು ತಿಳಿಯುವಂತಿದ್ದರೆ ಸಾಕು.

ನನ್ನ ಪ್ರಕಾರ ಈ ನೋಟಿಸು ಅಡ್ಡಿಗಿಂತ ಅನುಕೂಲವೇ ಜಾಸ್ತಿ. ವಾದಪತ್ರದ ಮೊದಲ ಕರಡು ಇಲ್ಲೇ ತಯಾರಾಗುತ್ತದೆ. ನೋಟಿಸಿಗೆ ಉತ್ತರ ಕೊಡುವ ಹೊಣೆಯನ್ನು ಒಬ್ಬ ಅಧಿಕಾರಿಗೆ ವಹಿಸಬೇಕೆಂದು 2005ರಲ್ಲಿ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸರ್ಕಾರಗಳಿಗೆ ಹೇಳಿದೆ. ಉತ್ತರ ಬಂದರೆ ಅವರ ವಾದವೇನು ಅಂತ ಮೊದಲೇ ಗೊತ್ತಾಗುತ್ತದೆ.

ನಾಲ್ಕನೇ ಹೆಜ್ಜೆ: ಯಾರನ್ನು ಪ್ರತಿವಾದಿ ಮಾಡಬೇಕು

ಮುಖ್ಯಮಂತ್ರಿಯಿಂದ ಗ್ರಾಮ ಲೆಕ್ಕಿಗರವರೆಗೆ ಎಲ್ಲರನ್ನೂ ಸೇರಿಸಿದರೆ ಕೇಸು ಗಟ್ಟಿಯಾಗುವುದಿಲ್ಲ. ಕಲಂ 79ರಂತೆ ರಾಜ್ಯ ಸರ್ಕಾರದ ಮೇಲಿನ ದಾವೆಯಲ್ಲಿ ಪ್ರತಿವಾದಿಯ ಹೆಸರು "ಕರ್ನಾಟಕ ರಾಜ್ಯ" ಅಂತಲೇ ಇರಬೇಕು, ಕೇಂದ್ರವಾದರೆ "ಭಾರತ ಒಕ್ಕೂಟ". ಜೊತೆಗೆ ಕೆಲಸ ಮಾಡಿದ ಅಧಿಕಾರಿಯನ್ನು ಹುದ್ದೆಯ ಹೆಸರಿನಲ್ಲಿ ಸೇರಿಸಿ. ಅಧಿಕಾರಿಯ ಮೇಲೆ ಹುದ್ದೆಯ ಕೆಲಸಕ್ಕಾಗಿ ದಾವೆ ಹಾಕಿ ಸರ್ಕಾರವನ್ನು ಬಿಟ್ಟರೆ ಅದೂ ತಪ್ಪೇ, ಸಂಹಿತೆಯ ಆದೇಶ 27ರ ನಿಯಮ 5ಎ ಸರ್ಕಾರವನ್ನು ಸೇರಿಸಬೇಕು ಅನ್ನುತ್ತದೆ (ಸಂಖ್ಯೆಯ ಜೊತೆ ಬರುವ ಆದೇಶ ಅಂದರೆ ಕೋರ್ಟಿನ ಆದೇಶ ಅಲ್ಲ, ಸಂಹಿತೆಯ ನಿಯಮಗಳ ಒಂದು ಅಧ್ಯಾಯ). ಪ್ರತಿ ಪ್ರತಿವಾದಿಯ ಬಗ್ಗೆಯೂ ಇವರು ಏನು ಮಾಡಿದರು ಅಂತ ಒಂದು ಪ್ಯಾರಾ ಬರೆಯಲು ಬರಬೇಕು. ಬರದಿದ್ದರೆ ಆ ಹೆಸರು ತೆಗೆದುಬಿಡಿ.

ಐದನೇ ಹೆಜ್ಜೆ: ವಾದಪತ್ರದ ಬರವಣಿಗೆ

ಎಲ್ಲಕ್ಕಿಂತ ಮುಖ್ಯ ಭಾಗ ಇದು. ಕೆಳಹಂತದ ಕೋರ್ಟುಗಳಲ್ಲಿ ಕನ್ನಡದಲ್ಲೇ ಬರೆದು ಕೊಡಬಹುದು. ಆದೇಶ 7ರ ನಿಯಮ 1 ಏನೇನು ಇರಬೇಕು ಅಂತ ಹೇಳುತ್ತದೆ: ಕೋರ್ಟಿನ ಹೆಸರು, ಎರಡೂ ಕಡೆಯವರ ವಿವರ, ವ್ಯಾಜ್ಯ ಕಾರಣದ ಸಂಗತಿಗಳು ಮತ್ತು ಅದು ಹುಟ್ಟಿದ ದಿನ, ಈ ಕೋರ್ಟಿಗೆ ಅಧಿಕಾರ ಹೇಗೆ, ಕೇಳುವ ಪರಿಹಾರ, ದಾವೆಯ ಮೌಲ್ಯ. ಆದೇಶ 6ರ ನಿಯಮ 2 ಹೇಗೆ ಬರೆಯಬೇಕು ಅನ್ನುತ್ತದೆ: ಮುಖ್ಯ ಸಂಗತಿ ಮಾತ್ರ, ಚಿಕ್ಕದಾಗಿ, ಪ್ಯಾರಾಗಳಿಗೆ ಸಂಖ್ಯೆ ಹಾಕಿ. ದಿನಾಂಕ, ಮೊತ್ತಗಳನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಬೇಕು.

ಈಗ ಒಂದು ಕಾಲ್ಪನಿಕ ಪ್ಯಾರಾ ನೋಡಿ. ಕೋಪ ಬಂದಾಗ ಎಲ್ಲರೂ ಬರೆಯುವುದು ಹೀಗೇ ಅಲ್ವಾ?

"ಭ್ರಷ್ಟ ಅಧಿಕಾರಿಗಳು ಹಲವು ವರ್ಷಗಳಿಂದ ಪ್ರಭಾವಿಗಳ ಜೊತೆ ಶಾಮೀಲಾಗಿ ವಾದಿಗೆ ಮಾನಸಿಕ, ಆರ್ಥಿಕ ಹಿಂಸೆ ಕೊಟ್ಟು, ಸಂವಿಧಾನವನ್ನು ಗಾಳಿಗೆ ತೂರಿ, ವಾದಿಯ ಆಸ್ತಿಯನ್ನು ಕಬಳಿಸಿದ್ದಾರೆ."

ಯಾವ ಅಧಿಕಾರಿ? ಯಾವ ಆಸ್ತಿ? ಎಷ್ಟು ಜಾಗ? ಯಾವತ್ತು? ಒಂದಕ್ಕೂ ಉತ್ತರ ಇಲ್ಲ. ಇದನ್ನು ಓದಿ ಸರ್ಕಾರಿ ವಕೀಲರು ಯಾವುದನ್ನು ಒಪ್ಪಬೇಕು, ಯಾವುದನ್ನು ಅಲ್ಲಗಳೆಯಬೇಕು? ಅದೇ ಸಂಗತಿಯನ್ನು ಹೀಗೆ ಬರೆಯಬಹುದು. ಜಾಗ ಉಳಿಸಲು ಅಂಕಿಯನ್ನಷ್ಟೇ ಕೊಟ್ಟಿದ್ದೇನೆ.

"4. ಷೆಡ್ಯೂಲ್ ಸ್ವತ್ತು ದಿನಾಂಕ 12-06-2009ರ ನೋಂದಾಯಿತ ಕ್ರಯಪತ್ರದ ಮೂಲಕ ವಾದಿಗೆ ಬಂದಿದೆ. ಅಂದಿನಿಂದ ವಾದಿಯ ಸ್ವಾಧೀನದಲ್ಲಿದೆ.

5. ದಿನಾಂಕ 18-03-2024ರಂದು 2ನೇ ಪ್ರತಿವಾದಿಯ ಸೂಚನೆಯಂತೆ ಕೆಲಸಗಾರರು ಷೆಡ್ಯೂಲ್ ಸ್ವತ್ತಿನ ಪೂರ್ವದ ಕಾಂಪೌಂಡ್ ಗೋಡೆಯನ್ನು 40 ಅಡಿ ಉದ್ದಕ್ಕೆ ಕೆಡವಿ, ಒಳಗಿನ 6 ಅಡಿ ಅಗಲದ ಜಾಗದಲ್ಲಿ ಚರಂಡಿ ತೋಡಿದರು.

6. ಈ ಜಾಗದ ಭೂಸ್ವಾಧೀನಕ್ಕೆ ಯಾವುದೇ ಅಧಿಸೂಚನೆ ಹೊರಡಿಸಿಲ್ಲ. ವಾದಿಗೆ ನೋಟಿಸು ಕೊಟ್ಟಿಲ್ಲ, ಪರಿಹಾರವನ್ನೂ ಕೊಟ್ಟಿಲ್ಲ.

7. ವಾದಿ ದಿನಾಂಕ 25-03-2024ರಂದು ಮನವಿ ಕೊಟ್ಟಿದ್ದು, ಆ ಜಾಗ ರಸ್ತೆಗೆ ಸೇರಿದ್ದು ಎಂದು 2ನೇ ಪ್ರತಿವಾದಿ ದಿನಾಂಕ 10-04-2024ರ ಹಿಂಬರಹದಲ್ಲಿ ತಿಳಿಸಿದ್ದಾರೆ."

ಎರಡನೆಯದರಲ್ಲಿ ಕೋಪದ ಒಂದು ಪದವೂ ಇಲ್ಲ. ಆದರೂ ಓದಿದವರಿಗೆ ಏನಾಗಿದೆ ಅಂತ ಕಣ್ಣಿಗೆ ಕಟ್ಟುತ್ತದೆ. 4ನೇ ಪ್ಯಾರಾ ಹಕ್ಕು, 5ನೆಯದು ಘಟನೆ, 6ನೆಯದು ಅದು ಯಾಕೆ ಕಾನೂನುಬಾಹಿರ, 7ನೆಯದು ವಿವಾದ ಎಲ್ಲಿ ಹುಟ್ಟಿತು ಅನ್ನುವುದು. ಒಂದು ಪ್ಯಾರಾಕ್ಕೆ ಒಂದೇ ಸಂಗತಿ. ಎದುರಾಳಿ "ಹೌದು" ಅಥವಾ "ಇಲ್ಲ" ಅನ್ನಲೇಬೇಕಾದಂತೆ ಬರೆಯಿರಿ.

ಸ್ಥಿರಾಸ್ತಿ ಆದರೆ ಸರ್ವೆ ನಂಬರು, ಅಳತೆ, ನಾಲ್ಕೂ ದಿಕ್ಕಿನ ಚೆಕ್‌ಬಂದಿ ಷೆಡ್ಯೂಲಿನಲ್ಲಿ, ಅಂದರೆ ವಾದಪತ್ರದ ಆಸ್ತಿ ವಿವರದ ಭಾಗದಲ್ಲಿ, ಕೊಡಿ. ಒಂದು ಕೈನಕ್ಷೆ ಇದ್ದರೆ ಇನ್ನೂ ಒಳ್ಳೆಯದು.

ವಂಚನೆ, ಒಳಸಂಚು, ಶಾಮೀಲು ಇಂಥ ಪದ ಬಳಸುವ ಮುಂಚೆ ಎರಡು ಸಲ ಯೋಚಿಸಿ. ವಂಚನೆ ಅಂದ ಮೇಲೆ ಆದೇಶ 6ರ ನಿಯಮ 4ರಂತೆ ಅದರ ಪೂರ್ತಿ ವಿವರ, ದಿನಾಂಕ ಸಮೇತ ಕೊಡಬೇಕು. ಕೊಡಲು ಆಗದಿದ್ದರೆ ಪದವನ್ನೇ ಬಿಡಿ. ಅದಿಲ್ಲದೆಯೂ ಮೇಲಿನ ಕೇಸು ನಿಲ್ಲುತ್ತದೆ. ಬೈಗುಳ, ಅನಗತ್ಯ ಆರೋಪಗಳನ್ನು ಹೊಡೆದುಹಾಕುವ ಅಧಿಕಾರ ಕೋರ್ಟಿಗಿದೆ. ತೀರ್ಪುಗಳನ್ನು ಪುಟಗಟ್ಟಲೆ ಉಲ್ಲೇಖಿಸುವುದೂ ಬೇಡ, ಅದು ವಾದದ ಹೊತ್ತಿನ ಕೆಲಸ.

ಆಮೇಲೆ ವ್ಯಾಜ್ಯ ಕಾರಣದ ಪ್ಯಾರಾ. ಎಷ್ಟೋ ಜನ ಇಲ್ಲಿ "ಹಲವು ದಿನಾಂಕಗಳಲ್ಲಿ ಹುಟ್ಟಿತು" ಅಂತ ಬರೆದು ಮುಗಿಸುತ್ತಾರೆ. ಗೋಡೆ ಬಿದ್ದ ದಿನ, ಹಿಂಬರಹ ಬಂದ ದಿನ, ಎರಡನ್ನೂ ಹೆಸರಿಸಿ. ಕಲಂ 80ರ ನೋಟಿಸು ಯಾವತ್ತು ತಲುಪಿತು ಅನ್ನುವುದಕ್ಕೆ ಬೇರೆಯೇ ಪ್ಯಾರಾ ಕೊಡಿ. ಅದು ವಾದಪತ್ರದಲ್ಲಿ ಇರಲೇಬೇಕು.

ಆರನೇ ಹೆಜ್ಜೆ: ಏನು ಬೇಕು ಅಂತ ಸ್ಪಷ್ಟವಾಗಿ ಕೇಳಿ

"ನ್ಯಾಯ ಕೊಡಿಸಿ", "ತಪ್ಪಿತಸ್ಥರ ಮೇಲೆ ಕ್ರಮ ಕೈಗೊಳ್ಳಿ", "ವ್ಯವಸ್ಥೆ ಸರಿಪಡಿಸಿ". ಇವನ್ನು ಕೋರ್ಟು ಡಿಕ್ರಿಯಾಗಿ (ತೀರ್ಪನ್ನು ಜಾರಿ ಮಾಡುವ ವಿಧಿವತ್ತಾದ ಆದೇಶವಾಗಿ) ಬರೆದರೆ ಯಾರು ಏನು ಮಾಡಬೇಕು ಅಂತ ಗೊತ್ತಾಗುತ್ತದೆಯೇ? ಕೋರ್ಟಿನ ಅಮೀನರು (ಆದೇಶ ಜಾರಿ ಮಾಡುವ ಸಿಬ್ಬಂದಿ) ಹೋಗಿ ಜಾರಿ ಮಾಡಲು ಆಗುವಂಥದ್ದನ್ನು ಕೇಳಬೇಕು. ಮೇಲಿನ ಉದಾಹರಣೆಯಲ್ಲಾದರೆ: 240 ಚದರ ಅಡಿ ಜಾಗಕ್ಕೆ ವಾದಿಯೇ ಮಾಲೀಕ ಎಂಬ ಘೋಷಣೆ, ಅದರ ಸ್ವಾಧೀನ ವಾಪಸ್, ಚರಂಡಿ ಮುಚ್ಚಿ ಗೋಡೆ ಕಟ್ಟಿಕೊಡಲು ಆದೇಶ, ಮುಂದೆ ಅಡ್ಡಿಪಡಿಸದಂತೆ ಶಾಶ್ವತ ನಿರ್ಬಂಧಕಾಜ್ಞೆ.

ಬರೀ ಘೋಷಣೆ ಕೇಳಿ ಸುಮ್ಮನಾಗಬೇಡಿ. ಮುಂದಿನ ಪರಿಹಾರ ಕೇಳುವ ಅವಕಾಶ ಇದ್ದೂ ಕೇಳದಿದ್ದರೆ, ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ ಕಲಂ 34ರಂತೆ ಘೋಷಣೆಯೂ ಸಿಗುವುದಿಲ್ಲ. ಹಣದ ವಿಷಯದಲ್ಲಿ ನಿಖರ ಮೊತ್ತ ಮತ್ತು ಅದರ ಲೆಕ್ಕ ಕೊಡಿ. ಸಿಟ್ಟಿನಲ್ಲಿ ಹತ್ತು ಕೋಟಿ ಕೇಳಿದರೆ ಅಷ್ಟಕ್ಕೂ ಕೋರ್ಟ್ ಫೀ ಕಟ್ಟಬೇಕಾಗುತ್ತದೆ. ಫೀ ಕಟ್ಟುವ ಶಕ್ತಿಯೇ ಇಲ್ಲದವರು ಆದೇಶ 33ರಂತೆ ನಿರ್ಗತಿಕ ವ್ಯಕ್ತಿಯಾಗಿ ದಾವೆ ಹೂಡಲು ಅನುಮತಿ ಕೇಳಬಹುದು.

ಏಳನೇ ಹೆಜ್ಜೆ: ಸಲ್ಲಿಕೆ

ವಾದಪತ್ರದ ಕೊನೆಗೆ ಸಹಿ, ಸತ್ಯಾಪನೆ (ಬರೆದದ್ದು ನಿಜ ಎಂಬ ಹೇಳಿಕೆ), ಜೊತೆಗೆ ಅಫಿಡವಿಟ್. ಯಾವ ಪ್ಯಾರಾ ಸ್ವಂತ ತಿಳಿವಳಿಕೆ, ಯಾವುದು ಬೇರೆಯವರಿಂದ ಬಂದ ಮಾಹಿತಿ ಅಂತ ಸಂಖ್ಯೆ ಹಾಕಿ ಹೇಳಬೇಕು. ದಾಖಲೆಗಳ ಪಟ್ಟಿ, ದಾಖಲೆಗಳು, ಪ್ರತಿವಾದಿಗಳಿಗೆ ಪ್ರತಿಗಳು ಸೇರಿಸಿ. ಕಚೇರಿಯಲ್ಲಿ ಆಕ್ಷೇಪಣೆ ಎತ್ತಿದರೆ ಬರೆದುಕೊಂಡು ಬಂದು ಸರಿಪಡಿಸಿ, ಜಗಳಕ್ಕೆ ಇಳಿಯಬೇಡಿ. ನೋಂದಣಿಯಾದ ಮೇಲೆ ಕೇಸನ್ನು ಗುರುತಿಸುವ 16 ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಸಿಗುತ್ತದೆ. ಅದನ್ನು ಹಾಕಿ ಕೋರ್ಟುಗಳ ಇ-ಕೋರ್ಟ್ಸ್ ಜಾಲತಾಣದಲ್ಲಿ ಮುಂದಿನ ದಿನಾಂಕ ನೋಡಬಹುದು.

ನೆನಪಿರಲಿ, ನಿಮ್ಮ ಪರವಾಗಿ ನೀವು ವಾದಿಸಬಹುದು. ಊರಿನವರೆಲ್ಲರ ಪರವಾಗಿ ವಕೀಲರಂತೆ ವಾದಿಸಲು ಕೋರ್ಟಿನ ಅನುಮತಿ ಇಲ್ಲದೆ ಆಗದು.

ಎಂಟನೇ ಹೆಜ್ಜೆ: ಆದೇಶ 7 ನಿಯಮ 11ರ ಅರ್ಜಿ ಬಂದಾಗ

ಸರ್ಕಾರಿ ವಕೀಲರು ವಾದಪತ್ರ ತಿರಸ್ಕರಿಸಿ ಅಂತ ಈ ಅರ್ಜಿ ಹಾಕುವುದು ಸಾಮಾನ್ಯ. ವ್ಯಾಜ್ಯ ಕಾರಣ ಇಲ್ಲ, ಅಥವಾ ಬೇರೆ ಕಾನೂನಿನಿಂದ ದಾವೆಗೆ ನಿರ್ಬಂಧ ಇದೆ, ಈ ಎರಡು ಕಾರಣ ಹೆಚ್ಚಾಗಿ ಕಾಣುತ್ತವೆ. ಜಾಣತನದ ಬರವಣಿಗೆಯಿಂದ ವ್ಯಾಜ್ಯ ಕಾರಣದ ಭ್ರಮೆ ಹುಟ್ಟಿಸಿದ್ದರೆ ಶುರುವಿನಲ್ಲೇ ಚಿವುಟಬೇಕು ಎಂದು 1977ರಲ್ಲಿ ಅರಿವಂದಂದಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನು ಅವರು ಓದುತ್ತಾರೆ.

ಹೆದರಬೇಡಿ. ಈ ಹಂತದಲ್ಲಿ ಕೋರ್ಟು ನೋಡುವುದು ನಿಮ್ಮ ವಾದಪತ್ರ ಮತ್ತು ಅದರ ಜೊತೆಗಿನ ದಾಖಲೆಗಳನ್ನು ಮಾತ್ರ. ಸರ್ಕಾರದ ಪ್ರತಿವಾದ ಇಲ್ಲಿ ಲೆಕ್ಕಕ್ಕಿಲ್ಲ. ಲಿಖಿತ ಆಕ್ಷೇಪಣೆ ಹಾಕಿ. ಅದರಲ್ಲಿ ಹಕ್ಕು ಯಾವ ಪ್ಯಾರಾದಲ್ಲಿದೆ, ಉಲ್ಲಂಘನೆ ಯಾವುದರಲ್ಲಿದೆ, ದಿನಾಂಕ ಎಲ್ಲಿದೆ, ನೋಟಿಸು ಎಲ್ಲಿದೆ ಅಂತ ಪ್ಯಾರಾ ಸಂಖ್ಯೆ ಹಿಡಿದು ತೋರಿಸಿ. ವಾದ ಮಾಡುವಾಗಲೂ ಅಷ್ಟೇ, ಕಥೆ ಬೇಡ, ಸಂಖ್ಯೆ ಹೇಳಿ.

ಅವರ ಮಾತಲ್ಲಿ ಹುರುಳಿದೆ, ವಾದಪತ್ರ ನಿಜಕ್ಕೂ ಮಸುಕಾಗಿದೆ ಅನ್ನಿಸಿದರೆ ಹಟ ಹಿಡಿಯಬೇಡಿ. ಆದೇಶ 6ರ ನಿಯಮ 17ರಂತೆ ತಿದ್ದುಪಡಿಗೆ ಅರ್ಜಿ ಹಾಕಿ. ವಿಚಾರಣೆ ಶುರುವಾಗುವ ಮೊದಲು ಇದು ಸುಲಭ, ಆಮೇಲೆ ಕಷ್ಟ. ಇನ್ನೊಂದು ದಾರಿ ದಾವೆ ವಾಪಸ್ ಪಡೆಯುವುದು. ಆದರೆ ಆದೇಶ 23ರ ನಿಯಮ 1ರಂತೆ "ಹೊಸ ದಾವೆ ಹೂಡಲು ಅನುಮತಿಯೊಂದಿಗೆ" ಅಂತ ಕೋರ್ಟಿನಿಂದ ಬರೆಸಿಕೊಳ್ಳದೆ ವಾಪಸ್ ಪಡೆದರೆ ಅದೇ ವಿಷಯಕ್ಕೆ ಮತ್ತೆ ದಾವೆ ಹಾಕುವ ಹಾಗಿಲ್ಲ. ಈ ಒಂದು ಸಾಲು ಮರೆತು ಹಕ್ಕನ್ನೇ ಕಳೆದುಕೊಳ್ಳಬೇಡಿ.

ಒಂಬತ್ತನೇ ಹೆಜ್ಜೆ: ಕೇಸು ಬಿದ್ದರೆ

ಮೊದಲು ಆದೇಶ ಓದಿ, ಯಾವ ರೀತಿ ಬಿದ್ದಿದೆ ನೋಡಿ. ಮುಂದಿನ ದಾರಿ ಅದರ ಮೇಲೆ ನಿಂತಿದೆ.

ವಾದಪತ್ರ ವಾಪಸ್ ಕೊಟ್ಟಿದ್ದರೆ ಸರಿಯಾದ ಕೋರ್ಟಿಗೆ ಹಾಕಿ. ತಪ್ಪು ಕೋರ್ಟಿನಲ್ಲಿ ಪ್ರಾಮಾಣಿಕವಾಗಿ ನಡೆಸಿದ ಸಮಯವನ್ನು ಕಾಲಮಿತಿ ಕಾಯ್ದೆಯ ಕಲಂ 14ರಂತೆ ಬಿಡಿಸಿಕೊಳ್ಳಬಹುದು.

ನಿಯಮ 11ರಂತೆ ತಿರಸ್ಕಾರವಾಗಿದ್ದರೆ ಅದು ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇದೆ. ಇಲ್ಲವೇ ನಿಯಮ 13ರಂತೆ ಅದೇ ವ್ಯಾಜ್ಯ ಕಾರಣದ ಮೇಲೆ ಚೆನ್ನಾಗಿ ಬರೆದು ಹೊಸ ವಾದಪತ್ರ ಹಾಕಬಹುದು, ಕಾಲಮಿತಿ ಉಳಿದಿದ್ದರೆ. ಬರವಣಿಗೆ ಮಸುಕಾಗಿದ್ದಕ್ಕೆ ಬಿದ್ದ ಕೇಸಿನಲ್ಲಿ ನಾನು ಹೇಳುವುದು ಹೊಸ ವಾದಪತ್ರವೇ ಮೇಲು ಅಂತ. ಹಳೆಯ ಕಾಗದವನ್ನು ಸಮರ್ಥಿಸುತ್ತಾ ವರ್ಷ ಕಳೆಯುವುದರಲ್ಲಿ ಲಾಭ ಕಡಿಮೆ.

ಪ್ರತಿವಾದಿ ಹಾಜರಿದ್ದು ನೀವು ಹಾಜರಾಗದೆ ವಜಾ ಆಗಿದ್ದರೆ ಅದೇ ವ್ಯಾಜ್ಯ ಕಾರಣಕ್ಕೆ ಹೊಸ ದಾವೆ ಹಾಕಲು ಬರುವುದಿಲ್ಲ. 30 ದಿನದೊಳಗೆ ಆದೇಶ 9ರ ನಿಯಮ 9ರಂತೆ ಮರುಸ್ಥಾಪನೆಗೆ ಅರ್ಜಿ ಹಾಕಬೇಕು, ಗೈರಾದದ್ದಕ್ಕೆ ಕಾರಣ ಹೇಳಿ. ಆಸ್ಪತ್ರೆ ಚೀಟಿಯಂಥ ದಾಖಲೆ ಇದ್ದರೆ ಲಗತ್ತಿಸಿ.

ಪೂರ್ತಿ ವಿಚಾರಣೆ ಆಗಿ ವಜಾ ಆಗಿದ್ದರೆ ಮೇಲ್ಮನವಿ ಒಂದೇ ದಾರಿ. ಜಿಲ್ಲಾ ನ್ಯಾಯಾಲಯಕ್ಕೆ 30 ದಿನ, ಹೈಕೋರ್ಟಿಗೆ 90 ದಿನ. ಯಾವ ರೀತಿ ಬಿದ್ದಿದ್ದರೂ ಆದೇಶ ಬಂದ ದಿನವೇ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಮೇಲ್ಮನವಿಯ ದಿನ ಎಣಿಸುವಾಗ ನಕಲು ತಯಾರಾಗಲು ಹಿಡಿದ ಸಮಯ ಬಿಟ್ಟುಹೋಗುತ್ತದೆ, ಆದರೆ ಆ ಲೆಕ್ಕ ಶುರುವಾಗುವುದು ನೀವು ಅರ್ಜಿ ಕೊಟ್ಟ ದಿನದಿಂದ.